ಲ್ಯಾಟಿನ್ ಹಚ್ಚೆಗೆ ಮುನ್ನ ವಿಭಕ್ತಿ ನೋಡಿ

ಹಚ್ಚೆಗೋ ತಂಡದ ಜೆರ್ಸಿಗೋ ಲ್ಯಾಟಿನ್ ಧ್ಯೇಯವಾಕ್ಯ ಹುಡುಕುವವರು ಹೆಚ್ಚಾಗಿ ಕೇಳುವುದು ಬಲ, ನಿಷ್ಠೆ ಎರಡನ್ನೇ. ನಿಘಂಟಿನಲ್ಲಿ ಪದ ಸಿಗುತ್ತದೆ, ಕೆಡುವುದು ಪದದ ಕೊನೆಯಲ್ಲಿ. ಲಿಂಗ, ವಚನ, ವಿಭಕ್ತಿ ಮೂರೂ ಅಲ್ಲೇ ಕೂತಿರುತ್ತವೆ.

‘ಸೆಂಪೆರ್ ಫಿದೇಲಿಸ್’ ಎಂದರೆ ‘ಸದಾ ನಿಷ್ಠ’. ಅಮೆರಿಕದ ಮರೀನ್ ಕೋರ್ 1883ರಲ್ಲಿ ಇದನ್ನು ಆರಿಸಿಕೊಂಡಿತು. ಇಂಗ್ಲೆಂಡಿನ ಎಕ್ಸೆಟರ್ ನಗರದ್ದೂ ಇದೇ. ಪಡೆ ಒಂದು, ನಗರ ಒಂದು, ಹಾಗಾಗಿ ಏಕವಚನ ಸರಿ. ಹನ್ನೊಂದು ಆಟಗಾರರು ತಮ್ಮ ಬಗ್ಗೆ ಹೇಳಿಕೊಳ್ಳುವುದಾದರೆ ‘ಫಿದೇಲೇಸ್’ ಆಗಬೇಕು. ರೋಮನ್ ಲಿಪಿಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಈ ಪದ ಹೆಣ್ಣಿಗೂ ಗಂಡಿಗೂ ಒಂದೇ. ಅಮೆರಿಕದ ಕೋಸ್ಟ್ ಗಾರ್ಡ್‌ನ ‘ಸೆಂಪೆರ್ ಪರಾತುಸ್’ (ಸದಾ ಸನ್ನದ್ಧ) ಹಾಗಲ್ಲ: ಒಬ್ಬಳಿಗೆ ‘ಪರಾತ’, ಹೆಂಗಸರ ತಂಡಕ್ಕೆ ‘ಪರಾತೈ’, ಗಂಡಸರ ಅಥವಾ ಮಿಶ್ರ ತಂಡಕ್ಕೆ ‘ಪರಾತೀ’.

ರೋಮಿನಲ್ಲಿ ಈ ನಿಷ್ಠೆಗೆ ರಾಜಕೀಯದ ವಾಸನೆಯೂ ಇತ್ತು. ಕ್ರಿ.ಶ. 42ರಲ್ಲಿ ದಾಲ್ಮೇಷಿಯದ ರಾಜ್ಯಪಾಲ ಸ್ಕ್ರಿಬೋನಿಯಾನುಸ್ ದಂಗೆಯೆದ್ದಾಗ ಅವನ ಕೈಬಿಟ್ಟ ಸೇನಾದಳಗಳಾದ ಏಳನೆಯ, ಹನ್ನೊಂದನೆಯ ಲೀಜನ್‌ಗಳಿಗೆ ಚಕ್ರವರ್ತಿ ಕ್ಲಾಡಿಯಸ್‌ನಿಂದ ‘ಪಿಯ ಫಿದೇಲಿಸ್’ (ಭಕ್ತ, ನಿಷ್ಠ) ಬಿರುದು ಬಂತು.

ಬಲದ ವಿಷಯ ಇನ್ನೂ ತೊಡಕು. ನಿಘಂಟಿನಲ್ಲಿ ಮೊದಲು ಕಾಣುವ ‘ವೀಸ್’ಗೆ ಬಲಾತ್ಕಾರ ಎಂಬ ಅರ್ಥವೂ ಉಂಟು. ಒಂಟಿಯಾಗಿ ಬರೆದರೆ ‘ನಿನಗೆ ಬೇಕು’ ಎಂಬ ಕ್ರಿಯಾಪದವಾಗಿಯೂ ಓದಬಹುದು. ಮೈಬಲಕ್ಕೆ ಅದರ ಬಹುವಚನ ‘ವೀರೇಸ್’ ವಾಸಿ. ‘ರೋಬುರ್’ ಓಕ್ ಮರದ ಗಟ್ಟಿತನ. ಶೌರ್ಯ ಎಂಬರ್ಥದ ‘ವಿರ್ತೂಸ್’ ಹುಟ್ಟಿದ್ದು ಗಂಡಸು ಎಂಬರ್ಥದ ‘ವಿರ್’ನಿಂದ, ಅದು ಸಂಸ್ಕೃತದ ‘ವೀರ’ಕ್ಕೆ ದಾಯಾದಿ. ಜಿಮ್ ಗೋಡೆಗಿಂತ ರಣರಂಗಕ್ಕೆ ಒಪ್ಪುವ ಪದ ಅದು.

‘ಫೊರ್ತಿಸ್ ಫೊರ್ತೂನ ಅದ್‌ಯುವತ್’ ಎಂಬುದನ್ನು ‘ಬಲಶಾಲಿ ಅದೃಷ್ಟ ನೆರವಾಗುತ್ತದೆ’ ಎಂದು ಓದುವವರಿದ್ದಾರೆ. ಇಲ್ಲಿನ ‘ಫೊರ್ತಿಸ್’ ದ್ವಿತೀಯಾ ಬಹುವಚನದ ಹಳೆಯ ರೂಪ: ಧೈರ್ಯವಂತರಿಗೆ ಅದೃಷ್ಟ ಒಲಿಯುತ್ತದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಉಗುಳುತ್ತಿದ್ದಾಗ ರೋಮನ್ ಲೇಖಕ, ನೌಕಾಪಡೆಯ ಮುಖ್ಯಸ್ಥ ಹಿರಿಯ ಪ್ಲಿನಿ ಇದೇ ಗಾದೆ ಹೇಳಿ ಹಡಗನ್ನು ಮುಂದಕ್ಕೆ ನಡೆಸಿದ. ಅದೃಷ್ಟ ಒಲಿಯಲಿಲ್ಲ, ಸ್ತಾಬಿಯೈ ದಡದಲ್ಲಿ ಸತ್ತ.

ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನ ‘ಫಿದೇ ಎತ್ ಲಬೋರೆ’ ನಮಗೆ ಸುಲಭ, ನಮ್ಮ ತೃತೀಯಾ ವಿಭಕ್ತಿಯಂತೆಯೇ: ಶ್ರದ್ಧೆಯಿಂದ, ದುಡಿಮೆಯಿಂದ. ‘ಫಿದೇ’ ಬದಲು ‘ಫಿದೇಸ್’ ಹಾಕಿದರೆ ‘ಶ್ರದ್ಧೆ, ದುಡಿಮೆಯಿಂದ’ ಎಂದು ವಾಕ್ಯ ಕುಂಟುತ್ತದೆ.

ದೊಡ್ಡಕ್ಷರದಲ್ಲಿ ಕೆತ್ತಿಸುವಾಗ ರೋಮನ್ನರಂತೆ ಯು ಬದಲು ವಿ ಬಳಸಬಹುದು, ಆದರೆ ಇಡೀ ವಾಕ್ಯಕ್ಕೆ. ಒಂದು ಪದದಲ್ಲಿ ವಿ, ಇನ್ನೊಂದರಲ್ಲಿ ಯು ಬೇಡ. ದೀರ್ಘಸ್ವರದ ಗೆರೆಗಳು ಪಠ್ಯಪುಸ್ತಕಕ್ಕೆ ಸಾಕು, ಚರ್ಮಕ್ಕೆ ಬೇಡ.