ಲೊರೀನಾ ಮೆಕೆನಿಟ್ ಅವರ ‘ದಿ ವಿಸಿಟ್’: ಕಂಠದ ಹೊಗಳಿಕೆಯಾಚೆ

ಕೆನಡಾದ ಗಾಯಕಿ, ಗೀತರಚನಕಾರ್ತಿ ಲೊರೀನಾ ಮೆಕೆನಿಟ್ ಅವರ ‘ದಿ ವಿಸಿಟ್’ ಆಲ್ಬಂ 1991ರಲ್ಲಿ ಬಂದಿತು. ಅದನ್ನು ಮೆಚ್ಚಿದವರು ಯಾವ ದೇಶದವರೇ ಆಗಿರಲಿ, ಮೊದಲು ಮಾತನಾಡುವುದು ಅವರ ಕಂಠದ ಬಗ್ಗೆ. ತಾರಸ್ಥಾಯಿಯಲ್ಲಿ ಸಲೀಸಾಗಿ ಸಂಚರಿಸುವ, ಎಲ್ಲಿಯೂ ಕಿರುಚದ ಕಂಠವದು. ಹಾಸನದಲ್ಲಿ ಈ ಆಲ್ಬಂ ಅನ್ನು ಒಬ್ಬರ ಮಾತಿನ ಮೇಲೆ ಒಬ್ಬರು ಕೇಳಿ ಮೆಚ್ಚಿಕೊಂಡ ನಮ್ಮ ಗೆಳೆಯರ ನಡುವೆಯೂ ಮಾತು ಅಲ್ಲಿಂದಲೇ ಶುರುವಾಗುತ್ತದೆ. ಆ ಹೊಗಳಿಕೆಯ ಬಗ್ಗೆ ನನಗೆ ತಕರಾರಿಲ್ಲ; ಆದರೆ ಅದು ಅರ್ಧ ಮಾತ್ರ ಎನ್ನಿಸುತ್ತದೆ. ಒಳ್ಳೆಯ ಕಂಠವಿರುವವರು ಬಹಳ ಮಂದಿ ಇದ್ದಾರೆ. ಹಳೆಯ ಕವಿತೆಯೊಂದನ್ನು ಕೈಗೆತ್ತಿಕೊಂಡು, ಅದರ ಒಂದು ಮಾತೂ ಮಸುಕಾಗದಂತೆ ರಾಗ ಹಾಕಿ, ತಾವು ಅದರ ಹಿಂದೆ ನಿಲ್ಲಬಲ್ಲವರು ಕಡಿಮೆ. ಭಾವಗೀತೆ ಕೇಳಿ ಬೆಳೆದ ಕನ್ನಡಿಗರಿಗೆ ಈ ಗುಣ ಉಳಿದವರಿಗಿಂತ ಬೇಗ ತಿಳಿಯಬೇಕು.

ಇದಕ್ಕೆ ಆಧಾರ ಈ ಆಲ್ಬಂನ ‘ದಿ ಲೇಡಿ ಆಫ್ ಶಲಾಟ್’ ಹಾಡು. ಇಂಗ್ಲಿಷ್ ಕವಿ ಟೆನಿಸನ್ 1832ರಲ್ಲಿ ಪ್ರಕಟಿಸಿ, 1842ರಲ್ಲಿ ತಿದ್ದಿ ಮತ್ತೆ ಪ್ರಕಟಿಸಿದ ಕಥನಕವನವದು. ನದಿಯ ನಡುವಿನ ಶಲಾಟ್ ಎಂಬ ನಡುಗಡ್ಡೆಯ ಗೋಪುರದಲ್ಲಿ ಒಬ್ಬಳೇ ಇರುವ ಹೆಂಗಸಿಗೆ ಹೊರಗಿನ ಲೋಕವನ್ನು ನೇರವಾಗಿ ನೋಡಬಾರದೆಂಬ ಶಾಪವಿದೆ. ಕನ್ನಡಿಯಲ್ಲಿ ಕಂಡದ್ದನ್ನೆಲ್ಲ ಅವಳು ಮಗ್ಗದಲ್ಲಿ ನೇಯುತ್ತಾಳೆ. ಕುದುರೆಯೇರಿ ಬಂದ, ಆರ್ಥರ್ ರಾಜನ ಆಸ್ಥಾನದ ವೀರ ಲ್ಯಾನ್ಸ್‌ಲಾಟ್‌ನನ್ನು ಒಮ್ಮೆ ಕಿಟಕಿಯಿಂದ ನೋಡಿಬಿಟ್ಟಾಗ ಕನ್ನಡಿ ಸೀಳುತ್ತದೆ, ಅವಳು ದೋಣಿಯಲ್ಲಿ ಮಲಗಿ ಹಾಡುತ್ತಾ ಆ ರಾಜನ ಊರಾದ ಕ್ಯಾಮಲಾಟ್ ತಲುಪುವಷ್ಟರಲ್ಲಿ ಪ್ರಾಣ ಬಿಟ್ಟಿರುತ್ತಾಳೆ. ಮೆಕೆನಿಟ್ ಇದರ ಕೆಲವು ಪದ್ಯಗಳನ್ನು ಬಿಟ್ಟು, ಉಳಿದವನ್ನು 11 ನಿಮಿಷಕ್ಕೂ ಹೆಚ್ಚು ಕಾಲ ಒಂದೇ ಧಾಟಿಯಲ್ಲಿ ಹಾಡುತ್ತಾರೆ. ಕನ್ನಡಿ ಸೀಳುವ ಸಾಲಿನಲ್ಲಿ ಧ್ವನಿ ಏರಿಸುವುದಿಲ್ಲ, ಸಾವಿನ ಸಾಲಿನಲ್ಲಿ ಗದ್ಗದವಾಗುವುದಿಲ್ಲ. ಕವಿ ಪದ್ಯದ ಕೊನೆಗೆ ಮತ್ತೆ ಮತ್ತೆ ತರುವ ಆ ಊರು, ಆ ನಡುಗಡ್ಡೆಯ ಹೆಸರುಗಳ ಮೇಲೆ ಧಾಟಿ ಪ್ರತಿ ಸಲವೂ ಹಾಗೆಯೇ ಬಂದು ಇಳಿಯುತ್ತದೆ. ಮೊದಲ ಸಲ ಕೇಳುವಾಗ ಆರನೆಯ ನಿಮಿಷದ ಹೊತ್ತಿಗೆ ಬೇಸರವಾಗಬಹುದೆಂದು ಒಪ್ಪುತ್ತೇನೆ. ಆದರೆ ಬದಲಾಗದ ಆ ಧಾಟಿಯೇ ಕೇಳುಗರ ಗಮನವನ್ನು ರಾಗದಿಂದ ಬಿಡಿಸಿ ಕಥೆಗೆ ಒಪ್ಪಿಸುತ್ತದೆ.

ಹಾಸನದಲ್ಲಿ ಸುಗಮ ಸಂಗೀತ ಕಲಿಸುವ ಪರಿಚಿತರೊಬ್ಬರಿಗೆ ಈ ಹಾಡನ್ನು ಕೇಳಿಸಿದಾಗ ಅವರು ಕಂಠದ ವಿಷಯವನ್ನೇ ಎತ್ತಲಿಲ್ಲ. “ಸಾಹಿತ್ಯ ಎಷ್ಟು ಚೆನ್ನಾಗಿ ಕಿವಿಗೆ ಬೀಳುತ್ತೆ ನೋಡಿ, ನನ್ನಂಥ ಅರ್ಧಂಬರ್ಧ ಇಂಗ್ಲಿಷಿನವಳಿಗೂ ಪದ ಬಿಡಿಸಿಕೊಳ್ಳೋಕೆ ಆಗುತ್ತೆ” ಎಂದರು. ಆಮೇಲೆ, ಇದು ‘ಗೋವಿನ ಹಾಡಿ’ನ ಹಾಗೇ ಅಲ್ಲವೇ ಎಂದು ಕೇಳಿದರು. ಸರಿಯಾದ ಮಾತು. ಪುಣ್ಯಕೋಟಿಯ ಕಥೆಯನ್ನೂ ನಾವು ಮೊದಲಿನಿಂದ ಕೊನೆಯವರೆಗೆ ಒಂದೇ ಧಾಟಿಯಲ್ಲಿ ಹೇಳುತ್ತೇವೆ, ಹುಲಿ ಬಂದಾಗಲೂ ಧಾಟಿ ಬದಲಾಗುವುದಿಲ್ಲ, ಆದರೂ ಕೇಳುವ ಮಕ್ಕಳು ಅಳುತ್ತಾರೆ.

ಆಲ್ಬಂನಲ್ಲಿ ನಮ್ಮ ಭಾಗದವರನ್ನು ಬಹಳ ಹತ್ತಿರದಿಂದ ಮುಟ್ಟುವ ಹಾಡು ‘ಬಾನಿ ಪೋರ್ಟ್‌ಮೋರ್’. ಇದು ಮೆಕೆನಿಟ್ ಬರೆದದ್ದಲ್ಲ, ಉತ್ತರ ಐರ್ಲೆಂಡಿನ ಆಂಟ್ರಿಮ್ ಪ್ರಾಂತದ ಹಳೆಯ ಜನಪದ ಗೀತೆ. ಪೋರ್ಟ್‌ಮೋರ್‌ನಲ್ಲಿ ಹೆಸರಾಂತ ಓಕ್ ಮರವೊಂದಿತ್ತು. ಅದು 1760ರ ಬಿರುಗಾಳಿಗೆ ಉರುಳಿತು, ಅದರ ಮರಮುಟ್ಟು ಮಾರಾಟವಾಯಿತು. ಹಾಡು ಆ ಒಂದು ಮರಕ್ಕೆ ನಿಲ್ಲದೆ ಸುತ್ತಲಿನ ಕಾಡೇ ಹೋದುದಕ್ಕೆ ಮರುಗುತ್ತದೆ. ಇನ್ನೆಲ್ಲಿ ಇರುವುದು, ಎಲ್ಲಿ ಮಲಗುವುದು ಎಂದು ಹಕ್ಕಿಗಳು ಅಳುತ್ತವೆ. ಸಕಲೇಶಪುರದ ಕಡೆ ತೋಟವಿರುವ ಗೆಳೆಯನೊಬ್ಬ ಇದನ್ನು ಕೇಳಿದ ಮೇಲೆ ಬಹಳ ಹೊತ್ತು ಮರಗಳ ಬಗ್ಗೆಯೇ ಮಾತನಾಡಿದ. ಹೆದ್ದಾರಿ ಅಗಲವಾಗುವಾಗ ಸಾಲುಮರಗಳು ಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಕಾಫಿ ತೋಟಗಳಲ್ಲಿ ಅತ್ತಿ, ಹಲಸು, ನಂದಿಯಂಥ ನೆರಳಿನ ಮರಗಳಿದ್ದ ಕಡೆ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ನೇರವಾಗಿರುತ್ತದೆ ಎಂದು ಸಿಲ್ವರ್ ಓಕ್ ತುಂಬಿಕೊಂಡದ್ದನ್ನೂ ಕಂಡಿದ್ದೇವೆ. (ಸಿಲ್ವರ್ ಓಕ್ ಹೆಸರಿಗೆ ಮಾತ್ರ ಓಕ್. ಆಸ್ಟ್ರೇಲಿಯಾದಿಂದ ಬಂದ ಅದಕ್ಕೂ ಪೋರ್ಟ್‌ಮೋರ್‌ನ ಮರಕ್ಕೂ ಸಂಬಂಧವಿಲ್ಲ.) ಇಲ್ಲಿಯೂ ಮೆಕೆನಿಟ್ ಅವರದು ಅದೇ ಸಂಯಮ. ಪ್ರತಿಭಟನೆಯ ದನಿ ಎತ್ತದೆ, ಹಾಡು ಎಷ್ಟು ದುಃಖವನ್ನು ಹೊತ್ತಿದೆಯೋ ಅಷ್ಟನ್ನೇ ಕೊಡುತ್ತಾರೆ.

ಇವರನ್ನು ಕೆಲ್ಟಿಕ್ ಗಾಯಕಿ, ಅಂದರೆ ಐರ್ಲೆಂಡು, ಸ್ಕಾಟ್ಲೆಂಡುಗಳ ಕಡೆಯ ಹಳೆಯ ಸಂಗೀತ ಪರಂಪರೆಯವರು, ಎನ್ನಬಹುದೇ ಎಂಬ ವಾದ ಕೇಳುಗರಲ್ಲಿ ಆಗಾಗ ಏಳುತ್ತದೆ. ಅವರು ಹುಟ್ಟಿದ್ದು 1957ರಲ್ಲಿ, ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಮಾರ್ಡನ್ ಎಂಬ ಬಯಲುಸೀಮೆಯ ಊರಿನಲ್ಲಿ. ಪೂರ್ವಿಕರು ಐರಿಷ್ ಮತ್ತು ಸ್ಕಾಟಿಷ್ ಮೂಲದವರು. 1991ರಲ್ಲಿ ವೆನಿಸ್‌ನಲ್ಲಿ ನಡೆದ ಪ್ರದರ್ಶನವೊಂದನ್ನು ನೋಡಿದಾಗ, ಕೆಲ್ಟರೆಂಬ ಪ್ರಾಚೀನ ಜನ ಐರ್ಲೆಂಡು, ಸ್ಕಾಟ್ಲೆಂಡುಗಳಲ್ಲಷ್ಟೇ ಇದ್ದವರಲ್ಲ, ಸ್ಪೇನಿನಿಂದ ಏಷ್ಯಾ ಮೈನರ್ (ಇಂದಿನ ಟರ್ಕಿ) ವರೆಗೆ ಹರಡಿದ್ದವರು ಎಂಬುದು ಅವರಿಗೆ ಮನವರಿಕೆಯಾಯಿತು. ಮುಂದಿನ ಆಲ್ಬಂಗಳು ಸ್ಪೇನ್, ಮೊರಾಕೊ, ಟರ್ಕಿಗಳ ಕಡೆ ಹೊರಳಿದ್ದಕ್ಕೆ ಇದೇ ಕಾರಣ. ‘ದಿ ವಿಸಿಟ್’ನಲ್ಲಿಯೇ ಅವರ ಹಾರ್ಪ್, ಅಕಾರ್ಡಿಯನ್‌ಗಳ ಜೊತೆಗೆ ರಷ್ಯಾದ ತಂತಿವಾದ್ಯ ಬಾಲಲೈಕಾ ಇದೆ, ನಮ್ಮ ಸಿತಾರ್, ತಂಬೂರಿಗಳೂ ಇವೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಂಥ ಸಂಗೀತಗಾರರ ಊರಿರುವ ಜಿಲ್ಲೆಯವರು ನಾವು. ಹೊರಗಿನವರು ತಂಬೂರಿಯನ್ನು ಬರೀ ಪೂರ್ವದೇಶದ ವಾಸನೆಗಾಗಿ ಬಳಸಿದಾಗ ನಮಗೆ ಕಿರಿಕಿರಿಯಾಗುವುದು ಸಹಜ. ಇಲ್ಲಿ ಹಾಗೆನ್ನಿಸಲಿಲ್ಲ, ಅದು ಶ್ರುತಿ ಹಿಡಿಯುವ ತನ್ನ ಕೆಲಸವನ್ನಷ್ಟೇ ಮಾಡುತ್ತದೆ.

ಎಲ್ಲ ಹಾಡುಗಳೂ ಸಮನಾಗಿಲ್ಲ. ‘ಗ್ರೀನ್‌ಸ್ಲೀವ್ಸ್’ ನನಗೆ ಹಿಡಿಸಲಿಲ್ಲ. ಅಷ್ಟು ಸವೆದ ಹಾಡಿನಲ್ಲಿ ಹೊಸದಾಗಿ ಹುಡುಕುವುದು ಅವರಿಗೂ ಕಷ್ಟವಾಗಿರಬೇಕು. ‘ಟ್ಯಾಂಗೊ ಟು ಎವೊರಾ’ದಲ್ಲಿ ಸಾಹಿತ್ಯವೇ ಇಲ್ಲ, ಕಂಠ ಬರೀ ಆಲಾಪದಂತೆ ವಾದ್ಯಗಳ ಜೊತೆ ಸಾಗುತ್ತದೆ. ಕಂಠವನ್ನೇ ಮೆಚ್ಚುವವರಿಗೆ ಇದಕ್ಕಿಂತ ಒಳ್ಳೆಯದು ಈ ಆಲ್ಬಂನಲ್ಲಿ ಸಿಗದು. ಗ್ರೀಸ್‌ನ ಹೆಸರಾಂತ ಗಾಯಕಿ ಹಾರಿಸ್ ಅಲೆಕ್ಸಿಯು ಇದೇ ರಾಗಕ್ಕೆ ಗ್ರೀಕ್ ಮಾತು ಸೇರಿಸಿ ಹಾಡಿ ಜನಪ್ರಿಯಗೊಳಿಸಿದರು. ಕೊನೆಯ ಹಾಡು ಷೇಕ್ಸ್‌ಪಿಯರ್‌ನ ‘ಸಿಂಬಲೀನ್’ ನಾಟಕದ ಶೋಕಗೀತೆ. ಷೇಕ್ಸ್‌ಪಿಯರ್ ನಾಟಕೋತ್ಸವಕ್ಕೆ ಹೆಸರಾದ, ಆಂಟೇರಿಯೊದ ಸ್ಟ್ರಾಟ್‌ಫರ್ಡ್‌ನಲ್ಲಿ 1981ರಿಂದ ನೆಲೆಸಿ ಅಲ್ಲಿನ ರಂಗಭೂಮಿಯಲ್ಲಿ ದುಡಿದವರಿಂದ ಇದು ನಿರೀಕ್ಷಿತವೇ.

ಅಭಿಮಾನಿಗಳ ನಿಷ್ಠೆಗೆ ಸಂಗೀತದ ಹೊರಗಿನ ಕಾರಣವೂ ಒಂದಿದೆ. 1985ರಲ್ಲಿ ಸ್ವಂತ ಕಂಪನಿ ‘ಕ್ವಿನ್ಲನ್ ರೋಡ್’ ಕಟ್ಟಿಕೊಂಡು, ಬೀದಿಯಲ್ಲಿ ಹಾರ್ಪ್ ನುಡಿಸಿ, ಕ್ಯಾಸೆಟ್‌ಗಳನ್ನು ಕಾರಿನಲ್ಲಿಟ್ಟುಕೊಂಡು ಮಾರಿ, ಕೇಳುಗರ ವಿಳಾಸಗಳನ್ನು ಬರೆದುಕೊಂಡು ಅಂಚೆಯಲ್ಲಿ ಕಳುಹಿಸಿ ಅವರು ಮೇಲೆ ಬಂದರು. ದೊಡ್ಡ ಕಂಪನಿ ಜೊತೆಯಾದದ್ದು ‘ದಿ ವಿಸಿಟ್’ ಹೊತ್ತಿಗೆ. ಆಗಲೂ ಹಾಡುಗಳ ಒಡೆತನವನ್ನು ಅವರು ಬಿಟ್ಟುಕೊಡಲಿಲ್ಲ. 1998ರಲ್ಲಿ ಅವರು ಮದುವೆಯಾಗಬೇಕಿದ್ದವರು ದೋಣಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಜಲಸುರಕ್ಷತೆಗಾಗಿ ನಿಧಿಯೊಂದನ್ನು ಸ್ಥಾಪಿಸಿ, ನೇರ ಕಛೇರಿಗಳ ಆಲ್ಬಂ ಒಂದರ ಆದಾಯವನ್ನು ಅದಕ್ಕೆ ಕೊಟ್ಟರು. ಹೊಸ ಹಾಡುಗಳ ಮುಂದಿನ ಸ್ಟುಡಿಯೊ ಆಲ್ಬಂ ಬಂದದ್ದು 2006ರಲ್ಲಿ. ಅಷ್ಟು ವರ್ಷ ಕಾದ ಕೇಳುಗರು ಬಿಟ್ಟು ಹೋಗಲಿಲ್ಲ. 30 ವರ್ಷ ತುಂಬಿದ ಮೇಲೆ ‘ದಿ ವಿಸಿಟ್’ ಅನ್ನು ಇಡಿಯಾಗಿ ವೇದಿಕೆಯಲ್ಲಿ ಹಾಡುವ ಪ್ರವಾಸ ಹೊರಟಾಗಲೂ ಸಭಾಂಗಣಕ್ಕೆ ಬಂದರು.

ನನಗೆ ಇದರಿಂದ ಹುಟ್ಟಿದ ಆಸೆ ಬೇರೆ. ಕಾಳಿಂಗರಾಯರಿಂದ ಸಿ. ಅಶ್ವತ್ಥ್ ಅವರವರೆಗೆ ನಮ್ಮವರು ಕವಿತೆಗೆ ರಾಗ ಹಾಕುವ ಕಲೆಯನ್ನು ಮನೆಮನೆಗೆ ತಲುಪಿಸಿದರು, ಆದರೆ ಹೆಚ್ಚಾಗಿ ಆರಿಸಿಕೊಂಡದ್ದು ನಾಲ್ಕಾರು ನುಡಿಗಳ ಸಣ್ಣ ಕವಿತೆಗಳನ್ನು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನಾಟಕವಾಗಿ ನಾವೆಲ್ಲ ನೋಡಿದ್ದೇವೆ. ಅದನ್ನು ಒಬ್ಬರೇ ಕುಳಿತು, ಒಂದು ತಂಬೂರಿ, ಒಂದು ಕೊಳಲು ಇಟ್ಟುಕೊಂಡು, ಇಪ್ಪತ್ತು ನಿಮಿಷವೇ ಹಿಡಿದರೂ ಸರಿ, ಒಂದೇ ಧಾಟಿಯಲ್ಲಿ ಕೊನೆಯವರೆಗೆ ಹಾಡಿದರೆ ಕೇಳಬೇಕೆಂದಿದೆ. ಸುಗಮ ಸಂಗೀತ ಕಲಿಸುವ ಆ ಪರಿಚಿತರ ಕಿವಿಗೆ ಈ ಮಾತು ಹಾಕಿದ್ದೇನೆ. ಇಲಿಗಳ ಪಟ್ಟಿ ಬರುವಲ್ಲಿ ಉಸಿರು ಸಾಲುವುದಿಲ್ಲವೆಂದು ಅವರು ತಕರಾರು ತೆಗೆದಿದ್ದಾರೆ.