ಸಹಿ ಕಾಲೇಜಿಗೆ, ಕೋಚ್‌ಗಲ್ಲ

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ (ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಆಟವದು) 1964ರಿಂದ ‘ನ್ಯಾಷನಲ್ ಲೆಟರ್ ಆಫ್ ಇಂಟೆಂಟ್’ ಎಂಬ ಒಪ್ಪಂದಪತ್ರ ಚಾಲ್ತಿಯಲ್ಲಿತ್ತು. ಹೈಸ್ಕೂಲು ಮುಗಿಸುವ ಹುಡುಗ ಅದಕ್ಕೆ ಸಹಿ ಹಾಕಿದನೆಂದರೆ, ಕಾಲೇಜು ಅವನಿಗೆ ವಿದ್ಯಾರ್ಥಿವೇತನ ಕೊಡಬೇಕು, ಅವನು ಕನಿಷ್ಠ ಒಂದು ವರ್ಷ ಅಲ್ಲಿಯೇ ಓದಬೇಕು. ಬಿಡುಗಡೆ ಪಡೆಯದೆ ಬೇರೆಡೆಗೆ ಹೋದರೆ ಒಂದು ವರ್ಷದ ಆಟ ನಷ್ಟ. ಸಹಿ ಮಾಡಿರುವುದು ಸಂಸ್ಥೆಗೇ ಹೊರತು ವ್ಯಕ್ತಿಗಲ್ಲ ಎಂಬ ಮಾತೂ ಅದರಲ್ಲಿತ್ತು.

ಆದರೆ ಆ ಹುಡುಗರ ಮನೆಯ ಸೋಫಾದಲ್ಲಿ ಕುಳಿತು, ಅವರ ತಾಯಿಯ ಮನವೊಲಿಸಿ ಹೋಗುವವನು ಕೋಚ್, ಸಂಸ್ಥೆಯಲ್ಲ. 2016ರ ಮೇ ತಿಂಗಳಲ್ಲಿ ಟೆಕ್ಸಾಸಿನ ಬೇಲರ್ ವಿಶ್ವವಿದ್ಯಾಲಯವು ಲೈಂಗಿಕ ದೌರ್ಜನ್ಯದ ದೂರುಗಳನ್ನು ನಿಭಾಯಿಸಿದ ರೀತಿಯ ಬಗ್ಗೆ ತನಿಖೆ ನಡೆದ ಮೇಲೆ ಕೋಚ್ ಆರ್ಟ್ ಬ್ರೈಲ್ಸ್ ಅವರನ್ನು ಹುದ್ದೆಯಿಂದ ಇಳಿಸಿದಾಗ, ಆ ವರ್ಷ ಸಹಿ ಹಾಕಿದ್ದ ಹಲವರು ಬಿಡುಗಡೆ ಕೇಳಿದರು. ಅವರಲ್ಲಿ ಕೆಲವರು ಅದೇ ಲೀಗಿನ ಎದುರಾಳಿಯಾದ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಸೇರಿಕೊಂಡರು; ಅವರಲ್ಲೊಬ್ಬರಾದ ಡೆವಿನ್ ಡುವರ್ನೆ ಅಲ್ಲಿ ಮಿಂಚಿ, 2020ರಲ್ಲಿ ಬಾಲ್ಟಿಮೋರ್ ರೇವನ್ಸ್ ಎಂಬ ವೃತ್ತಿಪರ ತಂಡಕ್ಕೆ ಆಯ್ಕೆಯಾದರು.

ಇಂಥವರನ್ನು ಮಾತಿಗೆ ತಪ್ಪಿದವರೆಂದು ಅಭಿಮಾನಿಗಳು ಹೀಗಳೆಯುವುದು ನನಗೆ ಸರಿಕಾಣುವುದಿಲ್ಲ. ಸಹಿಯ ಮರುವಾರವೇ ಹೆಚ್ಚಿನ ಸಂಬಳಕ್ಕೆ ಬೇರೆ ಊರಿಗೆ ಹೊರಡುವ ಕೋಚ್‌ಗೆ ಒಂದು ವರ್ಷ ಸುಮ್ಮನೆ ಕೂರುವ ಶಿಕ್ಷೆ ಎಂದೂ ಇರಲಿಲ್ಲ. 2024ರ ಅಕ್ಟೋಬರಿನಲ್ಲಿ ಆ ಪತ್ರವನ್ನೇ ರದ್ದುಪಡಿಸಿ, ಅದರ ಮುಖ್ಯ ಷರತ್ತುಗಳನ್ನು ವಿದ್ಯಾರ್ಥಿವೇತನದ ಒಪ್ಪಂದದೊಳಗೇ ಸೇರಿಸಿದರು. ಹುಡುಗರು ಸಹಿಯನ್ನಂತೂ ಈಗಲೂ ಹಾಕುತ್ತಿದ್ದಾರೆ.