ಖಡಕ್‌ವಾಸ್ಲಾದಿಂದ ನಾಯಗಾಂವ್‌ವರೆಗೆ, ನೀರಿನ ಲೆಕ್ಕ ಹಿಡಿದು

ಪುಣೆಯ ಸ್ವಾರ್‌ಗೇಟ್‌ನಿಂದ ಸಿಂಹಗಡ ರಸ್ತೆ ಹಿಡಿದರೆ ಖಡಕ್‌ವಾಸ್ಲಾ ಅಣೆಕಟ್ಟು. ಭಾನುವಾರ ಭಜಿ, ಗೋವಿನಜೋಳದ ಗಾಡಿಗಳ ಸಂತೆಯಲ್ಲಿ ನೀರು ಕಾಣುವುದೇ ಕಷ್ಟ. ವಾರದ ದಿನ ಹೋಗುವುದು ಒಳ್ಳೆಯದು, ಅದೂ ಹಿಂಗಾರಿಗೆ ಕಾಲುವೆ ಬಿಟ್ಟಿರುವಾಗ. ಪುಣೆಯಲ್ಲಿ ನೆಲೆಸಿದ ಕೆಲವು ಕನ್ನಡಿಗರು, ಇಂಡಿ ತಾಲ್ಲೂಕಿನಿಂದ ಬಂದ ನೀರು ಬಳಕೆದಾರರ ಸಂಘದ ರೈತರನ್ನು ಕೂಡಿಕೊಂಡು ಹಾಕಿದ ಸುತ್ತು ಇದು.

ಖಡಕ್‌ವಾಸ್ಲಾದಲ್ಲಿ ನಿಲ್ಲುವ ನೀರು 2 ಟಿಎಂಸಿಗಿಂತ ತುಸು ಕಡಿಮೆ. ಮೇಲಿನ ಪಾನ್‌ಶೇತ್, ವರಸ್‌ಗಾಂವ್, ಟೇಮ್‌ಘರ್ ಸೇರಿದರೆ ಸುಮಾರು 29. 1961ರ ಜುಲೈ 12ರಂದು ಪಾನ್‌ಶೇತ್ ಒಡೆದಾಗ ಖಡಕ್‌ವಾಸ್ಲಾವೂ ಒಡೆಯಿತು. ಈಗ ಕಾಣುವುದು ಮತ್ತೆ ಕಟ್ಟಿದ್ದು. ಈ ನೀರಿಗೆ ಒಂದು ಕಡೆ ಪುಣೆ ನಗರ, ಇನ್ನೊಂದು ಕಡೆ ಹವೇಲಿ, ದೌಂಡ್, ಇಂದಾಪುರದ ಹೊಲಗಳು. ಮುಠಾ ಬಲದಂಡೆ ಕಾಲುವೆ ಊರಿನ ನಟ್ಟನಡುವೆಯೇ ಹರಿದು ಹಡಪ್ಸರ್ ದಾಟಿ 200 ಕಿಲೋಮೀಟರ್‌ವರೆಗೆ ಹೋಗುತ್ತದೆ. 2018ರ ಸೆಪ್ಟೆಂಬರಿನಲ್ಲಿ ಇದರ ದಂಡೆ ಒಡೆದು ದಾಂಡೇಕರ್ ಸೇತುವೆಯ ಬಳಿಯ ಮನೆಗಳಿಗೆ ನೀರು ನುಗ್ಗಿತ್ತು.

ಊರು ದಾಟಿದ ಮೇಲೆ ನೋಡಬೇಕಾದದ್ದು ಕಾಲುವೆಯನ್ನಲ್ಲ, ಉಪಕಾಲುವೆಯ ಬಾಯನ್ನು. ರೈತರಿಂದಲೇ ನೀರಾವರಿ ನಿರ್ವಹಣೆಗೆಂದು ಮಹಾರಾಷ್ಟ್ರ 2005ರಲ್ಲಿ ಕಾಯ್ದೆ ಮಾಡಿತು. ಅದಕ್ಕೂ ಮೊದಲು ನಡೆದದ್ದು ಶೇಜ್‌ಪಾಳಿ: ಪ್ರತಿ ಹಂಗಾಮಿಗೆ ರೈತ 7ನೇ ನಮೂನೆಯಲ್ಲಿ ಅರ್ಜಿ ಕೊಡಬೇಕು, ಇಲಾಖೆ ಬೆಳೆ ಮತ್ತು ವಿಸ್ತೀರ್ಣ ನೋಡಿ ಕರ ಹಾಕಬೇಕು. ನೀರೆಷ್ಟು ಹರಿಯಿತೆಂದು ಕೇಳುವವರಿಲ್ಲ. ಹೊಸ ಪದ್ಧತಿಯಲ್ಲಿ ಸಂಘಕ್ಕೆ ನೀರು ಸಗಟಾಗಿ, ಘನಮೀಟರ್ ಲೆಕ್ಕದಲ್ಲಿ. ಪಾಲಿನ ಮಿತಿಯೊಳಗೆ ಯಾವ ಬೆಳೆ ಇಟ್ಟರೂ ಸರಿ. ಕಾಲುವೆ ಸಂಘದ ಕೈಗೆ ಬರುವ ಮೊದಲು ಇಲಾಖೆಯವರೂ ಸಂಘದವರೂ ಕೂಡಿ ಅದರುದ್ದಕ್ಕೂ ನಡೆದು ಮುರಿದ ಗೇಟು, ಸೋರುವ ಲೈನಿಂಗ್ (ಕಾಲುವೆಯ ಒಳಮೈಯ ಹೊದಿಕೆ) ಪಟ್ಟಿ ಮಾಡಬೇಕು. ಈ ನಡಿಗೆಯನ್ನು ಕಾಗದದ ಮೇಲೆಯೇ ಮುಗಿಸಿದ ಸಂಘ ಆಮೇಲೆ ರಿಪೇರಿ ಖರ್ಚನ್ನೆಲ್ಲ ತಾನೇ ಹೊರುತ್ತದೆ.

ಅಳತೆಗೆ ಉಪಕಾಲುವೆಯ ತಲೆಯಲ್ಲಿ ಫ್ಲೂಮ್ ಇರುತ್ತದೆ. ನಡುವೆ ಗಂಟಲು ಕಿರಿದಾದ ಕಾಂಕ್ರೀಟ್ ತೊಟ್ಟಿ, ಗೋಡೆಗೆ ಅಳತೆಪಟ್ಟಿ. ಪಾರ್ಶಲ್ ಎಂಬ ಬಗೆಯ, ಒಂದು ಅಡಿ ಗಂಟಲಿನ ಫ್ಲೂಮ್‌ನಲ್ಲಿ ನೀರಿನ ಮಟ್ಟ ಅರ್ಧ ಅಡಿ ಇದ್ದರೆ ಹರಿವು ಸುಮಾರು 1.4 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ), 0.6 ಅಡಿಗೆ ಏರಿದರೆ 1.84. ಅಂದರೆ ಮೂರು ಸೆಂಟಿಮೀಟರ್ ಓದುವುದು ತಪ್ಪಿದರೆ ಬಿಲ್ಲು ಮೂರನೇ ಒಂದರಷ್ಟು ಏರುತ್ತದೆ. ಪಟ್ಟಿಯ ಸೊನ್ನೆ ಫ್ಲೂಮಿನ ತಳಕ್ಕೆ ಸರಿಯಾಗಿ ಕೂತಿರಬೇಕು. ಬಣ್ಣ ಕಿತ್ತುಹೋದ ಪಟ್ಟಿಗೆ ಮತ್ತೆ ಬಣ್ಣ ಹಚ್ಚುವಾಗ ಎಡವಟ್ಟಾಗುವುದು ಇಲ್ಲೇ. ಇನ್ನೊಂದು ರೋಗ ಹೂಳಿನದು. ಕೆಳಗಡೆ ಹೂಳು, ಕಸ ತುಂಬಿ ನೀರು ಹಿಂದೊತ್ತಿದರೆ ಮಟ್ಟ ಏರುತ್ತದೆ, ಹರಿವು ಏರುವುದಿಲ್ಲ. ಕೆಳಗಿನ ಮಟ್ಟ ಮೇಲಿನದರ ಶೇ. 70 ದಾಟಿತೆಂದರೆ ಮಟ್ಟದಿಂದ ಹರಿವು ಹೇಳುವ, ಈ ಗಾತ್ರದ ಫ್ಲೂಮಿನ ಸಾದಾ ಕೋಷ್ಟಕ ನಂಬುವಂತಿಲ್ಲ. ಬಾರದ ನೀರಿಗೆ ಸಂಘ ದುಡ್ಡು ಕಟ್ಟುವುದು ಹೀಗೆ.

ಹೊಲದ ಲೆಕ್ಕ ಸುಲಭ. ಸೆಕೆಂಡಿಗೆ 30 ಲೀಟರ್ ಬರುವ ಹೊಲಗಾಲುವೆಯಲ್ಲಿ ತಾಸಿಗೆ 108 ಘನಮೀಟರ್. ಒಂದು ಎಕರೆಗೆ 7.5 ಸೆಂಟಿಮೀಟರ್ ನೀರು ನಿಲ್ಲಿಸಲು ಸುಮಾರು 300 ಘನಮೀಟರ್, ಅಂದರೆ ಮೂರು ತಾಸಿಗೆ ತುಸು ಕಡಿಮೆ. ಸೋರಿಕೆ ಹಿಡಿದರೆ ಮೂರೂವರೆ. ಸರದಿಯ ಚೀಟಿಯಲ್ಲಿ ಈ ತಾಸು ಬರೆದು, ನೀರನ್ನು ಕೊನೆಯ ಹೊಲದಿಂದ ಶುರುಮಾಡಿ ತಲೆಯ ಕಡೆಗೆ ತಂದರೆ ಅರ್ಧ ಜಗಳ ಕಡಿಮೆ.

"ಕಡೀಕ್ ಇರೂ ಹೊಲದಿಂದ ಸುರು ಮಾಡ್ರಿ ಅಂದ್ರ ಮ್ಯಾಲಿನವ್ರು ಕೇಳ್ತಾರೇನ್ರಿ ಕಾಕಾ?" ಎಂದ ಇಂಡಿಯ ಹುಡುಗ.

"ರಾತ್ರಿ ಕಾವಲು ಇದ್ರ ಕೇಳ್ತಾರಪಾ," ಎಂದರು ಹಿರಿಯರು. ಅದು ನಿಜ: ಗೇಟು ಎತ್ತುವುದು, ದಂಡೆಗೆ ಪೈಪು ತೂರಿಸುವುದು ಎಲ್ಲ ಕತ್ತಲಲ್ಲೇ.

ಉರುಳಿ ಕಾಂಚನ್‌ನಿಂದ ಶಿಂದವಣೆ ಘಾಟು ಹತ್ತಿದರೆ ಪುರಂದರ ತಾಲ್ಲೂಕು. ಮಳೆಯ ನೆರಳಿನ ಸೀಮೆ. ಅಂಜೂರ, ಸೀತಾಫಲದ ತೋಟಗಳು. ಜೇಜುರಿಯ ಖಂಡೋಬಾ ನಮಗೆ ಮೈಲಾರಲಿಂಗನೇ ಆದ್ದರಿಂದ ಮೆಟ್ಟಿಲು ಹತ್ತದೆ ಮುಂದೆ ಹೋಗಲು ಯಾರೂ ಒಪ್ಪಲಿಲ್ಲ.

ನಾಯಗಾಂವ್‌ನಲ್ಲಿ ಇಂಜಿನಿಯರ್, ಉದ್ಯಮಿ ವಿಲಾಸರಾವ್ ಸಾಳುಂಕೆ 1972ರ ಬರದ ನಂತರ ದೇವಸ್ಥಾನದ 16 ಹೆಕ್ಟೇರ್ ಬಂಜರು ಭೂಮಿಯನ್ನು 50 ವರ್ಷದ ಗುತ್ತಿಗೆಗೆ ಪಡೆದು ಪಾಣಿ ಪಂಚಾಯತ್, ಅಂದರೆ ನೀರಿನ ಪಂಚಾಯಿತಿಯ ಪ್ರಯೋಗ ಶುರುಮಾಡಿದರು. ಒಡ್ಡು, ಇಂಗುಕೆರೆ, ಅದರ ಕೆಳಗೆ ಬಾವಿ, ಬಾವಿಯಿಂದ ಮೇಲಕ್ಕೆ ಪಂಪು. ಇಲ್ಲಿ ನೀರಿನ ಪಾಲು ಜಮೀನಿಗಲ್ಲ, ತಲೆಗೆ: ಒಬ್ಬರಿಗೆ ಅರ್ಧ ಎಕರೆಯ ನೀರು, ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಯದು. ಭೂಮಿ ಇಲ್ಲದವರಿಗೂ ಪಾಲುಂಟು. ಜಮೀನು ಮಾರಿದರೆ ನೀರಿನ ಹಕ್ಕು ಅದರ ಜೊತೆ ಹೋಗುವುದಿಲ್ಲ. ಖರ್ಚಿನ ಶೇ. 20 ರೈತರೇ ಮೊದಲು ಹಾಕಬೇಕು. ಕಬ್ಬು, ಬಾಳೆ, ಅರಿಶಿನ ನಿಷಿದ್ಧ. ಜೇಜುರಿಯಲ್ಲಿ ಅರಿಶಿನದ ಭಂಡಾರ ಮೆತ್ತಿಕೊಂಡ ಹಣೆಯಲ್ಲೇ ಈ ನಿಯಮ ಕೇಳಿದ್ದಾಯಿತು.

ಸರದಿ ನೋಡಿಕೊಳ್ಳುವವನು ಗುಂಪೇ ನೇಮಿಸಿದ ಪಾಟ್ಕರಿ, ನಮ್ಮ ಕೆರೆಗಳ ನೀರುಗಂಟಿಯ ಹಾಗೆ. ಕಾಲುವೆ ಸಂಘಕ್ಕಿಲ್ಲದ ಒಂದು ಭಾರ ಇಂಥ ಏತ ನೀರಾವರಿಗಿದೆ, ಕರೆಂಟು ಬಿಲ್ಲು. ನೀರು ಕಡಿಮೆಯಾದ ವರ್ಷ ಪಾಲುದಾರರು ಹಿಂದೆ ಸರಿದರೆ ಉಳಿದವರ ತಲೆಗೆ ಬೀಳುವ ಮೊತ್ತ ಏರುತ್ತದೆ, ಅವರೂ ನಿಲ್ಲಿಸುತ್ತಾರೆ, ಪಂಪು ತುಕ್ಕು ಹಿಡಿಯುತ್ತದೆ. ಅದಕ್ಕೇ ಹಂಗಾಮು ಶುರುವಾಗುವ ಮುಂಚೆಯೇ ಮುಂಗಡ ವಸೂಲಿ ಮಾಡಿಡಬೇಕು; ಸುಗ್ಗಿ ಆದಮೇಲೆ ಕೊಡುತ್ತೇನೆ ಎಂಬವನ ವಾಲ್ವ್ ತೆರೆಯಬಾರದು, ಅವನು ಅಧ್ಯಕ್ಷನ ಬೀಗನೇ ಆಗಿದ್ದರೂ.